ಸೇರಿಸದ ಅಂಕ

ಏಪ್ರಿಲ್ 10, ಗುರುವಾರ

ಚೈತನ್ಯಾಗೆ ಎಂಜಿನಿಯರಿಂಗ್ ಸೀಟು ಸಿಗಲಿಲ್ಲ. ಕಾಲೇಜು ಮಟ್ಟದ ಕಠಿಣ ಕೋರ್ಸಾದ ಎಪಿ ಫಿಸಿಕ್ಸ್‌ನಲ್ಲಿ ಅವಳಿಗೆ ಎಂಬತ್ತೆರಡು. ಸಾದಾ ಫಿಸಿಕ್ಸ್ ತೆಗೆದುಕೊಂಡ ಗೆಳತಿಗೆ ತೊಂಬತ್ತನಾಲ್ಕು, ಸೀಟೂ ಸಿಕ್ಕಿತು. ಕಠಿಣ ಕೋರ್ಸಿಗೆಂದು ಈ ದೇಶದಲ್ಲಿ ಯಾರೂ ಹೆಚ್ಚುವರಿ ಅಂಕ ಸೇರಿಸುವುದಿಲ್ಲವೆಂದು ಗೈಡೆನ್ಸ್ ಟೀಚರ್ ಇವತ್ತು ಮೆತ್ತಗೆ ಹೇಳಿದರು. ಸೇರಿಸುತ್ತಾರೆಂದು ಹಟ ಹಿಡಿದವಳು ನಾನು. ಗಡಿಯಾಚೆ ನ್ಯೂಜೆರ್ಸಿಯಲ್ಲಿ ನಮ್ಮಕ್ಕನ ಮಗನಿಗೆ ಸೇರಿಸಿದ್ದರಲ್ಲ. ಅಕ್ಕನ ಮಾತು ನಂಬಿ ಮಗಳಿಗೆ ಎಪಿ ಹಿಡಿಸಿ ಡ್ರಾಯಿಂಗ್ ಕ್ಲಾಸನ್ನೂ ಬಿಡಿಸಿದೆ.

ಮನೆಗೆ ವಾಪಸ್ ಬರುವಾಗ ಎರಿನ್ ಮಿಲ್ಸ್ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಚೈತನ್ಯಾ ನನ್ನ ಮುಖ ನೋಡಿ, "ಇಟ್ಸ್ ಓಕೆ ಅವ್ವಾ, ಅಳಬ್ಯಾಡ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಹತ್ತನೇ ಗ್ರೇಡಿನಲ್ಲೇ ಅವಳು ಹೇಳಿದ್ದಳು, "ಇಲ್ಲಿ ಹಂಗಿಲ್ಲವ್ವಾ, ಟೀಚರ್‌ನ ಕೇಳು." ನಿನಗೇನ್ ತಿಳೀತದ ಎಂದು ನಾನು ಫೋನ್ ಹಚ್ಚಿದ್ದು ಅಕ್ಕನಿಗೆ.