ಶಭಾಷ್ ಅನ್ನಬಾರದ ಕೆಲಸ

ಮಾರ್ಚ್ 4, ಮಧ್ಯಾಹ್ನ

ಇವತ್ತೂ ಸೂಪು. ಪೇಷಂಟುಗಳ ಜೊತೆ ಕೂತು ನಾನೂ ತಿನ್ನಬೇಕು — ಅದೇ ತಟ್ಟೆ, ಅದೇ ಅಳತೆ. ಈ ಆಸ್ಪತ್ರೆಯಲ್ಲಿರುವವರೆಲ್ಲ ದೊಡ್ಡವರೇ. ಊಟವೆಂದರೆ ಹೆದರುವ ಕಾಯಿಲೆ. ತಿನ್ನಿ ಎಂದು ಗದರಿಸುವಂತಿಲ್ಲ, ತಟ್ಟೆ ದಿಟ್ಟಿಸುವಂತಿಲ್ಲ, ಊಟದ ಮಾತೇ ಎತ್ತುವಂತಿಲ್ಲ. ಬೇರೆ ಏನಾದರೂ ಹರಟಬೇಕು. ಹರಟೆ ನನಗೆ ಹೇಳಿಕೊಡಬೇಕೆ... ಪಕ್ಕದ ಮನೆಯ ಬೆಕ್ಕು ಬಟ್ಟೆ ಬೀರುವಿನಲ್ಲಿ ಮರಿ ಹಾಕಿದ ಕಥೆ ಹೇಳಿದೆ. ಅರ್ಧ ಸುಳ್ಳು. ಡ್ರೈವರಮ್ಮ ನಕ್ಕಳು, ನಗುತ್ತಲೇ ಇನ್ನೊಂದು ಚಮಚ ಬಾಯಿಗಿಟ್ಟಳು. ನಾನು ಕಿಟಕಿಯ ಕಡೆ ನೋಡಿದೆ.

ಸಿಟಿ ಬಸ್ ಓಡಿಸುತ್ತಿದ್ದವಳು. ಸ್ಟಿಯರಿಂಗ್ ಹಿಡಿದಿರುವಾಗಲೇ ಕಣ್ಣು ಕತ್ತಲೆ ಬಂದು ಬಸ್ಸು ಫುಟ್‌ಪಾತ್ ಹತ್ತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮೇ ಮುಗಿಯುವುದರೊಳಗೆ ಡಿಪೋ ಡಾಕ್ಟರು ಫಿಟ್ ಎನ್ನಬೇಕು, ಇಲ್ಲದಿದ್ದರೆ ಕೆಲಸ ಹೋಯಿತು. "ಬಸ್ಸು ಬಿಟ್ರೆ ನಂಗೆ ಬೇರೆ ಏನ್ ಬರುತ್ತೆ ಅಕ್ಕಾ?" ಎನ್ನುತ್ತಾಳೆ.

ಮಾರ್ಚ್ 6

ಅಣ್ಣ ಬಂದಿದ್ದ. "ಅಲ್ಲ ಕಣೇ, ದೊಡ್ಡವರಿಗೆ ಊಟ ಮಾಡ್ಸೋಕೂ ಒಬ್ರು ಬೇಕಾ? ಕೂತು ತಿನ್ನೋದು, ಹರಟೆ ಹೊಡೆಯೋದು, ಅದಕ್ಕೆ ಸಂಬಳ ಬೇರೆ. ನಿನಗಂತ್ಲೇ ಮಾಡಿಟ್ಟಂಗಿದೆ."

"ಹೌದು, ನನಗಂತ್ಲೇ. ನಿನ್ನ ಕೈಲಿ ಒಂದು ಹೊತ್ತು ಆಗಲ್ಲ."

ಉರಿದುಹೋಯಿತು. ನಿನ್ನೆ ಒಬ್ಬರು ಒಂದು ಬ್ರೆಡ್ ಚೂರಿನ ಮುಂದೆ ಎಷ್ಟು ಹೊತ್ತು ನಡುಗುತ್ತಾ ಕೂತಿದ್ದರು, ಕೊನೆಗೆ ಹೇಗೆ ತಿಂದರು ಎಂದು ಹೇಳಬೇಕೆನಿಸಿತು. ಹೇಳುವಂತಿಲ್ಲ. ಅಲ್ಲಿನ ಮಾತು ಅಲ್ಲೇ. ಹೊಟ್ಟೆಯಲ್ಲಿ ಮಾತು ನಿಲ್ಲದವಳು ನಾನು, ಅದಕ್ಕೇ ಬರೆಯುವುದು.

ಮಾರ್ಚ್ 13, ಮಧ್ಯಾಹ್ನ

ಡ್ರೈವರಮ್ಮನ ತಟ್ಟೆ ಖಾಲಿ. ಮೊದಲ ಸಲ. ಬ್ರೆಡ್ಡು, ಆಲೂಗಡ್ಡೆ, ಮೊಸರು — ಎಲ್ಲ. ಬಾಯಿ ತಡೆಯಲಿಲ್ಲ. "ಶಭಾಷ್" ಅಂದುಬಿಟ್ಟೆ, ಬೆನ್ನೂ ತಟ್ಟಿದೆ. ಅವಳೇಕೋ ಎದ್ದು ಹೋದಳು.

ಮಾರ್ಚ್ 14

ರಾತ್ರಿ ಊಟ ಮುಟ್ಟಲಿಲ್ಲವಂತೆ. ಬೆಳಿಗ್ಗೆಯೂ ಇಲ್ಲ. ಹೊಗಳಿದ್ದಕ್ಕೇ ಹೀಗಾಯಿತು ಎಂದರು ನರ್ಸಮ್ಮ. ಹೊಗಳುವುದೂ ತಪ್ಪಾ? ಸಿಟ್ಟು ಬಂತು. ನೇರ ಹೋಗಿ ಅವಳನ್ನೇ ಕೇಳಿದೆ.

"ನೀವು ಶಭಾಷ್ ಅಂದ್ರಲ್ಲ, ಒಳಗಿರೋ ಕಾಯಿಲೆ ಅದನ್ನೇ ಹಿಡ್ಕೊಳ್ತು ಅಕ್ಕಾ. ನೋಡು, ಎಷ್ಟೊಂದು ತಿಂದೆ, ಎಲ್ರಿಗೂ ಗೊತ್ತಾಯ್ತು ಅಂತ. ರಾತ್ರಿಯೆಲ್ಲ ಅದೇ." ಆಮೇಲೆ ಮೆಲ್ಲಗೆ: "ನಾಳೆಯಿಂದ ಆ ಕಡೆ ಟೇಬಲ್‌ಗೆ ಕೂರ್ತೀನಿ. ಬೇಜಾರ್ ಮಾಡ್ಕೋಬೇಡಿ."

ಮಾಡಿಕೊಂಡೆ.

ಏಪ್ರಿಲ್ 5

ಬರೆಯುವ ಮನಸ್ಸಿರಲಿಲ್ಲ. ಇವತ್ತು ಡ್ರೈವರಮ್ಮ ತಟ್ಟೆ ಎತ್ತಿಕೊಂಡು ನನ್ನ ಎದುರಿಗೆ ಬಂದು ಕೂತಳು. "ಅಲ್ಲಿ ಬರೀ ಹವಾಮಾನದ ಮಾತು. ಆ ಬೆಕ್ಕಿನ ಮರಿಗಳು ಏನಾದ್ವು?"

ಎಲ್ಲ ಮರಿಗಳಿಗೂ ಹೆಸರಿಟ್ಟೆ, ಒಂದಕ್ಕೆ ಮದುವೆಯನ್ನೂ ಮಾಡಿಸಿದೆ. ಊಟ ಮುಗಿದ ಮೇಲೆ ತಟ್ಟೆಗಳನ್ನು ಎತ್ತಿದೆ — ಅವಳದೂ ಖಾಲಿ. ತುಟಿಪಿಟಕ್ಕೆನ್ನಲಿಲ್ಲ. ಪಾತ್ರೆ ತೊಳೆಯುವ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಒಬ್ಬಳೇ ಕುಣಿದೆ. ಈ ವಯಸ್ಸಿನಲ್ಲಿ. ಸೊಂಟ ಹಿಡಿಯಿತು.

ಮೇ 9, ಸಂಜೆ

ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಡ್ರೈವರಮ್ಮನಿಗೆ ಊಟದ ಪ್ರಾಕ್ಟೀಸ್. ಕೆಲಸಕ್ಕೆ ಮರಳಿದರೆ ಅಲ್ಲೇ ತಾನೇ ಊಟ. ಅವಳೇ ಆರ್ಡರ್ ಮಾಡಬೇಕು, ಟ್ರಿಪ್ಪುಗಳ ನಡುವಿನ ಬ್ರೇಕಿನಷ್ಟು ಹೊತ್ತಿನಲ್ಲಿ ಒಬ್ಬಳೇ ತಿಂದು ಮುಗಿಸಬೇಕು. ನಾನು ಬೇರೆ ಟೇಬಲ್ಲಿನಲ್ಲಿ, ಅವಳಿಗೆ ಬೆನ್ನು ಹಾಕಿ. ತಿರುಗದೆ ಕೂತು ಕತ್ತು ಹಿಡಿದುಕೊಂಡಿತು.

ಎದ್ದು ಬಂದು, "ಅರ್ಧ" ಅಂದಳು.

"ಸರಿ. ನಾಳೆ ಮತ್ತೆ ಬರೋಣ."

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತಳು. ಸಮಾಧಾನ ಮಾಡಲು ಹೋಗಲಿಲ್ಲ. ಈ ಡ್ರೈವರು ಹೇಗೆ ಓಡಿಸ್ತಾನೆ ಎಂದು ಕೇಳಿದೆ. ಮೂಗು ಒರೆಸಿಕೊಳ್ಳುತ್ತಲೇ, "ಅವ್ನಿಗೆ ಕ್ಲಚ್ ಬಿಡೋಕೇ ಬರಲ್ಲ" ಅಂದಳು.

ಮೇ 28

ಡಿಪೋ ಡಾಕ್ಟರು ಫಿಟ್ ಅಂತ ಬರೆದುಕೊಟ್ಟರು. ಅರ್ಧ ತಿಂದ ಆ ದಿನದಿಂದ ದಿನವೂ ಕ್ಯಾಂಟೀನಿಗೆ ಹೋಗಿ ಗೋಡೆ ನೋಡುತ್ತಾ ಕೂತಿದ್ದು ಸಾರ್ಥಕ. ಅವಳ ಸೂಟ್‌ಕೇಸು ಹಿಡಿದು ಗೇಟಿನವರೆಗೆ ಹೋದೆ. ಬಾಯಿ ಬಿಗಿಹಿಡಿದಿದ್ದೆ, ಬಿಟ್ಟರೆ ಆ ಮಾತೇ ಬರುತ್ತಿತ್ತು.

"ಮನೆಗೆ ಹೋದ ಮೊದಲ ತಿಂಗಳೇ ಕಷ್ಟ. ಎಷ್ಟೋ ಜನ ವಾಪಸ್ ಬರ್ತಾರೆ" ಎಂದರು ನರ್ಸಮ್ಮ. ಈಗಲೇ ಹೇಳಬೇಕಿತ್ತಾ.

ಜೂನ್ 17. ರಜೆ. ಮಧ್ಯಾಹ್ನ

ಮನೆಯಲ್ಲಿ ಕೂರಲಾಗಲಿಲ್ಲ. ಹೀಗೆ ಹೋಗಬಾರದು ಎಂದು ಗೊತ್ತು. ಆದರೂ ಬಸ್ ನಿಲ್ದಾಣಕ್ಕೆ ಹೋಗಿ ಬೋರ್ಡು ಓದುವವಳಂತೆ ನಿಂತೆ. ಅವಳ ಬಸ್ಸು ಬಂತು. ಗೆರೆಯೊಳಗೆ ಅಚ್ಚುಕಟ್ಟಾಗಿ ನಿಲ್ಲಿಸಿ ಇಳಿದಳು. ಯೂನಿಫಾರ್ಮು ಭುಜದಲ್ಲಿ ಇನ್ನೂ ಸಡಿಲ. ಕ್ಯಾಂಟೀನಿನ ಕಡೆ ಹೊರಟವಳು ನನ್ನನ್ನು ಕಂಡಳು.

"ಏನಕ್ಕಾ, ಚೆಕಿಂಗಾ?"

"ಇಲ್ಲಮ್ಮ... ಬಸ್ಸಿಗೆ ಕಾಯ್ತಿದ್ದೆ."

"ಯಾವ ಬಸ್ಸು?"

ಸುಳ್ಳು ಹೇಳುವುದರಲ್ಲಿ ಎತ್ತಿದ ಕೈ ನನ್ನದು. ಆದರೂ ಬೋರ್ಡು ನೋಡಿ ಹೇಳಿದ್ದು ಅವಳದೇ ಬಸ್ಸಿನ ನಂಬರು.

ನನ್ನ ಮುಖವನ್ನೇ ನೋಡಿದಳು. "ಊಟ ಆಯ್ತಾ?"

ಆಗಿರಲಿಲ್ಲ. ಆತಂಕದಲ್ಲಿ ಬೆಳಗಿನದನ್ನೂ ಬಿಟ್ಟಿದ್ದೆ.

"ಬನ್ನಿ, ಬ್ರೇಕ್ ಮುಗಿಯುತ್ತೆ" ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ಎರಡು ತಟ್ಟೆ ತಂದಿಟ್ಟಳು. ಬೇರೆ ಡ್ರೈವರುಗಳು ಸರಿದು ಜಾಗ ಮಾಡಿಕೊಟ್ಟರು. ತಿಂದಳು. ಪಕ್ಕದವನನ್ನು ಛೇಡಿಸುತ್ತಾ, ಯಾರದೋ ಮಾತಿಗೆ ನಗುತ್ತಾ, ಹಸಿದವರು ತಿನ್ನುವ ಹಾಗೆ ತಿಂದಳು. ನಾನೇ ತುತ್ತು ಕೈಯಲ್ಲಿ ಹಿಡಿದು ಕೂತುಬಿಟ್ಟಿದ್ದೆ.

ಹೊತ್ತಾಯಿತೆಂದು ಎದ್ದಳು. ನನ್ನ ತಟ್ಟೆ ಹಾಗೇ ಇತ್ತು. ಬಗ್ಗಿ, ನನಗೊಬ್ಬಳಿಗೇ ಕೇಳುವಂತೆ ಅಂದಳು, "ಪೂರ್ತಿ ಮುಗ್ಸಿ ಅಕ್ಕಾ. ನಾನು ನೋಡಲ್ಲ."

ಹೋದಳು. ನಾನು ಅಲ್ಲೇ ಕೂತು ಒಂದು ಕೈಯಲ್ಲಿ ತಿನ್ನುತ್ತಾ ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ಹೊರಗೆ ಬಸ್ಸು ಸ್ಟಾರ್ಟ್ ಆದ ಸದ್ದು. ಕ್ಲಚ್ಚು ಎಷ್ಟು ಮೆತ್ತಗೆ ಬಿಟ್ಟಳೆಂದರೆ, ನನ್ನ ತಟ್ಟೆಯ ಪಕ್ಕದ ಲೋಟದ ನೀರೂ ಅಲುಗಲಿಲ್ಲ.