ದಡಕ್ಕೆ ಒಂದು ಹಾಳೆ ದೂರ

ಏಪ್ರಿಲ್ 14, ಸೋಮವಾರ. ಬೆಳಿಗ್ಗೆ

ಬ್ರೆಡ್ ತಂದಾಯಿತು. ಮತ್ತೆ ಇಬ್ಬರಿಗಾಗುವಷ್ಟು. ಅಭ್ಯಾಸ... ಬೆಣ್ಣೆಹಣ್ಣು ಇನ್ನೂ ಕಲ್ಲು. ಮಂಜು ಗುಡ್ಡದ ಅರ್ಧಕ್ಕೆ ಹತ್ತಿ ನಿಂತಿದೆ, ಬಂದರಿನ ಕ್ರೇನುಗಳ ತಲೆ ಮಾತ್ರ ಕಾಣುತ್ತದೆ.

ರೇಡಿಯೊ ಹಾಕಲಿಲ್ಲ. ಬೇಕೆಂದೇ. ನಿನ್ನೆ ಟಿವಿಯಲ್ಲಿ 'ಉಪ್ಪಿನ ದೀಪಗಳು' ಧಾರಾವಾಹಿ ಮುಗಿಯಿತು. ವಾಲ್ಪರೈಸೊ ಊರು ಪೂರ್ತಿ ಅದೇ ಮಾತು. ಬೇಕರಿಯಲ್ಲಿ ಒಬ್ಬಾಕೆ "ಮೋಸ ಕಣ್ರೀ, ಶುದ್ಧ ಮೋಸ! ಆ ಮುದುಕೀನ—" ಎಂದು ಶುರು ಮಾಡಿದಳು. ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಬಂದುಬಿಟ್ಟೆ. ಚಿಲ್ಲರೆ ಅಲ್ಲೇ ಉಳಿಯಿತು. ಈ ವಯಸ್ಸಿನಲ್ಲಿ, ಕಂಕುಳಲ್ಲಿ ಬ್ರೆಡ್ ಸಿಕ್ಕಿಸಿಕೊಂಡು, ಕಿವಿ ಮುಚ್ಚಿಕೊಂಡು... ನನ್ನಾಕೆ ನೆಲಿ ಇದ್ದು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಕಥೆಯ ಕೊನೆ ಗೊತ್ತಿಲ್ಲದವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಬೇಕರಿಯಲ್ಲಿ ಗೊತ್ತಾಗುವುದು ಬೇಡ. ಹಾಗೆ ಬೇಡ.

ಅದೇ ದಿನ, ಸಂಜೆ

'ಉಪ್ಪಿನ ದೀಪಗಳು' ಪುಸ್ತಕ ನೆಲಿಯ ಕುರ್ಚಿಯ ಮೇಲೇ ಇದೆ. ಏಳನೆಯದು, ಕೊನೆಯದು. ನೆಲಿ ಕಾಯಿಲೆ ಬಿದ್ದು ಮಲಗಿದಾಗ ಇನ್ನೂ ನಮ್ಮ ಭಾಷೆಗೆ ಬಂದಿರಲಿಲ್ಲ. "ನೀವು ಕಾಲೇಜಲ್ಲಿ ಇಂಗ್ಲಿಷ್ ಕಲ್ತಿದೀರಲ್ಲ, ಓದಿ ಹೇಳಿ" ಅಂದಳು. ಕಲಿತದ್ದು ಏನು? 'ದಿ ಶಿಪ್ ಈಸ್ ಇನ್ ದಿ ಹಾರ್ಬರ್.' ಹಡಗು ಕಂಪನಿಯ ಗುಮಾಸ್ತನಿಗೆ ಅಷ್ಟು ಸಾಕಾಗಿತ್ತು. ಡಿಕ್ಷನರಿ ಹಿಡಿದು ದಿನಕ್ಕೆ ಮೂರೋ ನಾಲ್ಕೋ ಪುಟ. ಕಥೆಯ ಡ್ರ್ಯಾಗನ್ನಿನ ಹಲ್ಲಿಗೆ ಇಂಗ್ಲಿಷಿನಲ್ಲಿ ಇಷ್ಟೊಂದು ಹೆಸರುಗಳಿವೆಯೆಂದು ಯಾರು ಹೇಳಿದ್ದರು!

ದೀಪ ಕಾಯುವ ಮುದುಕಿ ವೆರೂನ್ ಕೊನೆಯ ದೀಪ ಹಿಡಿದು ಒಬ್ಬಳೇ ದೋಣಿ ಹತ್ತುತ್ತಾಳೆ, ಬಿರುಗಾಳಿಯಲ್ಲಿ. ಅಲ್ಲಿಗೆ ನಿಲ್ಲಿಸಿದೆ. "ದಡ ಮುಟ್ತಾಳೇನ್ರೀ?" ಅಂದಳು. "ನಾಳೆ ನೋಡೋಣ" ಅಂದೆ.

ಆ ನಾಳೆ ಅವಳಿಗೆ ಬರಲಿಲ್ಲ. ಗುರುತಿಗೆ ಇಟ್ಟ ಬಸ್ ಟಿಕೆಟ್ ಆ ಪುಟದಲ್ಲೇ ಇದೆ. ಮುಂದೆ ಓದಿದರೆ ನಾನೊಬ್ಬನೇ ಆಚೆ ಹೋದಂತೆ, ಅವಳನ್ನು ಈಚೆ ಬಿಟ್ಟು.

ಏಪ್ರಿಲ್ 16, ಬುಧವಾರ. ಸಂಜೆ

ಓದುಗರ ಕೂಟ ಬಂತು. ಬುಧವಾರದ ಸಂಜೆಯ ಚಹಾ ಇಲ್ಲೇ, ನೆಲಿ ಕೂಟ ಕಟ್ಟಿದಾಗಿನಿಂದ. ಷೇರ್ ಟ್ಯಾಕ್ಸಿ ಓಡಿಸುವ ಲಿಸಾಂದ್ರೊ. ಹೊಲಿಗೆ ಕಲಿಸುವ ಹಸಿಂತಾ, ನೆಲಿಯ ಗೆಳತಿ. ಕಾಲೇಜು ಹುಡುಗಿ ತಮಾರಾ, ಕೂದಲಿಗೆ ಈ ಸಲ ನೀಲಿ ಬಣ್ಣ.

ಮೂವರ ಮುಖವೂ ಸಾವಿನ ಮನೆಯಿಂದ ಬಂದವರ ಹಾಗೆ. ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರಿದರು. ನೆಲಿಯ ನಿಯಮ: ಮೇಜಿನಲ್ಲಿ ಒಬ್ಬರು ಓದಿಲ್ಲವೆಂದರೂ ಮುಂದಿನ ಕಥೆ ಯಾರೂ ಎತ್ತುವಂತಿಲ್ಲ. ಎತ್ತಿದವರು ಎಲ್ಲರ ಕಪ್ಪು ತೊಳೆಯಬೇಕು. ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು ಮೂವರೂ ಹವೆಯ ಬಗ್ಗೆ ಮಾತಾಡಿದರು.

ತಮಾರಾಗೆ ತಡೆಯಲಾಗಲಿಲ್ಲ. "ಹಾಗ್ ಮಾಡೋಕೆ ಅವ್ರಿಗೆ ಮನಸ್ಸಾದ್ರೂ ಹೆಂಗ್ ಬಂತು! ವೆರೂನ್‌ನ—"

"ಕಪ್ಪು!" ಹಸಿಂತಾ ಗದರಿದಳು. "ಎದ್ದೇಳು. ತೊಳಿ ಹೋಗು."

"ಏನೂ ಹೇಳ್ಲೇ ಇಲ್ವಲ್ಲ ನಾನು!"

"ಹೇಳೋದ್ರಲ್ಲಿದ್ದೆ. ಮುಖದಲ್ಲೇ ಅರ್ಧ ಹೇಳ್ಬಿಟ್ಟೆ."

ಲಿಸಾಂದ್ರೊ ನನ್ನ ಕಡೆ ತಿರುಗಿದ. "ದೊನ್ ಎವರಿಸ್ತೊ, ಟಿವಿಯವ್ರು ಮಾಡಿದ್ದು ಪುಸ್ತಕದಲ್ಲೇ ಇಲ್ಲ. ಅದ್ನ ಹೇಳಿದ್ರೆ ನಿಯಮ ಮುರಿಯಲ್ಲ, ಅಲ್ವಾ ಹಸಿಂತಾ?" ಅವಳು ಆಗಲಿ ಎಂದು ತಲೆಯಾಡಿಸಿದ ಮೇಲೆ ಅವನೇ ಹೇಳಿದ. "ದೋಣೀಲಿ ಮುದುಕೀನೇ ಇಲ್ಲ ಸ್ವಾಮಿ. ತೆಗೆದೇ ಬಿಟ್ಟಿದಾರೆ. ಒಬ್ಬ ರಾಜಕುಮಾರನ್ನ ಕೂರಿಸಿದಾರೆ. ಕೂದ್ಲು ನೋಡ್ಬೇಕು ಅವನ್ದು, ಅಂಥಾ ಬಿರುಗಾಳಿಗೂ ಅಲ್ಲಾಡಲ್ಲ."

ಯಾರೂ ನಗಲಿಲ್ಲ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮುದುಕಿಯೇ ಇಲ್ಲ. ನೆಲಿ ಕೊನೆಗೆ ಕೇಳಿದ್ದು ಅವಳೊಬ್ಬಳ ಬಗ್ಗೆಯೇ. ಈಗ ಕೋಟಿ ಜನರ ಮನೆಯಲ್ಲಿ ಆ ಪ್ರಶ್ನೆಯೇ ಇಲ್ಲ.

ಶನಿವಾರ ಬಂದರಿನ ಚೌಕದಲ್ಲಿ ಸೇರುತ್ತಾರಂತೆ, ಎಲ್ಲ ಗುಡ್ಡಗಳ ಕೂಟಗಳೂ. ಗಾಜಿನ ಸೀಸೆಯಲ್ಲಿ ಉಪ್ಪು, ಉಪ್ಪಿನಲ್ಲಿ ಮೇಣದ ಬತ್ತಿ. ಘೋಷಣೆ ಇಲ್ಲ, ಕೂಗಾಟ ಇಲ್ಲ. ಕೊನೆಯ ಅಧ್ಯಾಯವನ್ನು ಇದ್ದಂತೆಯೇ ಗಟ್ಟಿಯಾಗಿ ಓದುವುದು, ಅಷ್ಟೇ.

"ನೀವು ಬರ್ಬೇಕು" ಅಂದಳು ಹಸಿಂತಾ.

"ಬಂದ್ರೆ ಕೊನೆ ಕಿವಿಗೆ ಬೀಳುತ್ತೆ."

"ಬರೋದಷ್ಟೇ ಅಲ್ಲ ತಾತ, ಕೊನೆ ಹಾಳೆ ನೀವೇ ಓದ್ಬೇಕು." ಅಡುಗೆಮನೆಯಿಂದ ತಮಾರಾ, ಕೈತುಂಬ ಸೋಪಿನ ನೊರೆ. "ನಮ್ಗೆಲ್ಲ ಬಾಯಿಪಾಠ. ಗೊತ್ತಿಲ್ದೆ ಓದೋರು ಒಬ್ರು ಬೇಕು. ಟಿವಿಯವ್ರು ಅದನ್ನೇ ಕದ್ದಿದ್ದು... ಗೊತ್ತಿಲ್ದೆ ಕಾಯೋದನ್ನ."

ಹೋಗುವಾಗ ಲಿಸಾಂದ್ರೊ ಬಾಗಿಲಲ್ಲಿ ನಿಂತ. "ಬಲವಂತ ಇಲ್ಲ. ಬರೋದಾದ್ರೆ ಅಲ್ಲೀವರ್ಗೂ ಓದ್ಕೊಂಡು ಬನ್ನಿ. ಕೊನೆ ಹಾಳೆ ಮಾತ್ರ ಮುಟ್ಬೇಡಿ."

ಏಪ್ರಿಲ್ 17. ಮಧ್ಯಾಹ್ನ

ತೆಗೆದೆ. ಮತ್ತೆ ಮುಚ್ಚಿದೆ. ಗಿಡಕ್ಕೆ ನೀರು. ಗ್ಯಾಸಿನವನು ಸಿಲಿಂಡರ್ ಬಡಿಯುತ್ತ ಹೋದ. ಮತ್ತೆ ತೆಗೆದೆ.

ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಗಟ್ಟಿಯಾಗಿ ಓದಿದೆ, ಮೊದಲಿನಂತೆಯೇ. ಒಂದು ವಾಕ್ಯ ಇಂಗ್ಲಿಷು, ಒಂದು ನಮ್ಮದು. ಅರ್ಧ ಪದ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ನೆಲಿ "ಮುಂದೆ ಹೋಗಿ, ಮುಂದೆ ಹೋಗಿ" ಅನ್ನುತ್ತಿದ್ದಳು. ಈಗ ಅನ್ನುವವರಿಲ್ಲ. ಪ್ರತಿ ಪದಕ್ಕೂ ಡಿಕ್ಷನರಿ.

ಟಿಕೆಟ್ ಎಂಟು ಪುಟ ಮುಂದೆ ಹೋಯಿತು.

ಏಪ್ರಿಲ್ 19, ಶನಿವಾರ. ನಾಲ್ಕು ಗಂಟೆ

ಒಂದು ಹಾಳೆ ಉಳಿದಿದೆ. ಮುದುಕಿಯ ದೋಣಿಯ ಹುಟ್ಟು ಮುರಿದಿದೆ. ದೀಪವಿನ್ನೂ ಇದೆ. ನೆಲಿಯ ಉಪ್ಪಿನ ಜಾಡಿ ತೊಳೆದು ಒರೆಸಿ ಇಟ್ಟಿದ್ದೇನೆ. ಕಪ್ಪು ಕೋಟು. ಕೊನೆಯ ಸಲ ಹಾಕಿದ್ದು ನೆಲಿಯನ್ನು ಮಣ್ಣು ಮಾಡಿದ ದಿನ.

ಹೋಗದೆ ಇದ್ದುಬಿಟ್ಟರೆ ಆ ದೋಣಿ ಹಾಗೇ ನೀರಿನ ಮೇಲಿರುತ್ತದೆ. ಯಾವಾಗಲೂ. ಅದೂ ಒಂದು ಆಸೆಯೇ... ಆದರೆ ಕೇಳಿದವಳಿಗೆ ಉತ್ತರ ಬೇಕಿತ್ತು. "ನಾಳೆ" ಅಂದವನು ನಾನು.

ಕೆಳಗೆ ಲಿಸಾಂದ್ರೊನ ಹಾರ್ನ್.

ಅದೇ ದಿನ. ಎಂಟು ಗಂಟೆ

ಓದಿದೆ.

ಎಷ್ಟು ಜನ ಎಂದು ಹೇಳಲಾರೆ. ಮೆಟ್ಟಿಲ ಮೇಲೆಲ್ಲ ಸೀಸೆಗಳು, ಗಾಳಿಗೆ ಆರಿದ್ದನ್ನು ಪಕ್ಕದವರು ಹೊತ್ತಿಸುತ್ತಿದ್ದರು. ಹಸಿಂತಾ ಕನ್ನಡಕವನ್ನೂ ಈಚೆಗೆ ಬಂದ ನಮ್ಮ ಭಾಷೆಯ ಪ್ರತಿಯನ್ನೂ ಹಿಡಿದುಕೊಟ್ಟಳು. ಮೊದಲ ಸಾಲಿಗೇ ನಿಂತುಬಿಟ್ಟೆ. ಯಾರೋ ಮೆಲ್ಲಗೆ "ಮುಂದೆ ಹೋಗಿ ತಾತ" ಅಂದರು. ಹೋದೆ. ಎಲ್ಲರಿಗೂ ಗೊತ್ತಿದ್ದ ಮಾತು. ಆದರೂ ನನ್ನ ಬಾಯಿಂದ ಬರುವವರೆಗೆ ಒಬ್ಬರೂ ಉಸಿರು ಬಿಡಲಿಲ್ಲ. ಕೊನೆಯ ಸಾಲಿಗೆ ತಮಾರಾ ನನ್ನ ತೋಳು ಹಿಡಿದುಕೊಂಡಳು. ಬಂದರಿನಲ್ಲಿ ಒಂದು ಹಡಗು ಲಂಗರು ಹಾಕುತ್ತಿತ್ತು. ನಿಜವಾಗಿಯೂ.

ಟಿಕೆಟ್ ಕೋಟಿನ ಜೇಬಿನಲ್ಲಿದೆ. ಕೊನೆ ಏನೆಂದು ಇಲ್ಲಿ ಬರೆಯುವುದಿಲ್ಲ. ಈ ಮೇಜಿನಲ್ಲಿ ಓದದವಳು ಇನ್ನೂ ಒಬ್ಬಳಿದ್ದಾಳೆ. ನಾಳೆ ಬೆಳಿಗ್ಗೆ ಗುಡ್ಡ ಹತ್ತಿ ಸಮಾಧಿಗೆ ಹೋಗಿ ಮೊದಲು ಅವಳಿಗೆ, ಗಟ್ಟಿಯಾಗಿ, ನಮ್ಮ ಭಾಷೆಯಲ್ಲಿ. ಆಮೇಲೆ ಬೇಕಾದರೆ ಕಾಗದಕ್ಕೆ.

ಆದರೂ ನೆಲಿ, ಆ ದಡದಲ್ಲಿ... ಇಲ್ಲ. ನಾಳೆ.