ಎರಡು ಮನೆಯವರು ಎಲ್ಲಿಯೂ ವಾಸವಿಲ್ಲವಂತೆ

ಮಾನ್ಯ ವಿದ್ಯಾರ್ಥಿವೇತನಾಧಿಕಾರಿಗಳೇ,

ನನ್ನ ಸಹಪಾಠಿ, ಬಂಟ್ವಾಳದ ಮಹಮ್ಮದ್ ಕುಂಞಿಯವರು ಈ ಭೂಮಿಯ ಮೇಲೆ ಎಲ್ಲಿಯೂ ವಾಸವಿಲ್ಲವೆಂದು ತಮ್ಮ ಕಚೇರಿ ಕಂಡುಹಿಡಿದು, ಅವರ ವಿದ್ಯಾರ್ಥಿವೇತನವನ್ನು ಕಳೆದ ತಿಂಗಳು ರದ್ದು ಮಾಡಿದೆ. ಈ ಸಂಶೋಧನೆಗೆ ಮೊದಲು ನನ್ನ ಅಭಿನಂದನೆಗಳು. ಎರಡೂವರೆ ವರ್ಷ ಬಿ.ಎ. ತರಗತಿಯಲ್ಲಿ ಅವರು ನನ್ನ ಬಲಗಡೆಗೇ ಕೂತಿದ್ದರು. ನನಗೆ ಒಮ್ಮೆಯೂ ಸಂಶಯ ಬರಲಿಲ್ಲ. ಅವರ ಬುತ್ತಿಯ ಬಂಗುಡೆಯನ್ನು ನಾನು ಕದ್ದು ತಿಂದದ್ದುಂಟು. ಎಲ್ಲಿಯೂ ವಾಸವಿಲ್ಲದವರಿಗೆ ಅಷ್ಟು ರುಚಿಯಾಗಿ ಮೀನು ಕಾಯಿಸಿ ಕೊಡುತ್ತಿದ್ದವರು ಯಾರು ಎಂಬುದನ್ನೂ ತಮ್ಮ ಕಚೇರಿಯೇ ತನಿಖೆ ಮಾಡಬೇಕು.

ಕುಂಞಿಯವರಿಗೆ ಮೂವತ್ತನಾಲ್ಕು ವರ್ಷ. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುತ್ತಲೇ ಖಾಸಗಿಯಾಗಿ ಮೆಟ್ರಿಕ್, ಪಿ.ಯು.ಸಿ. ಕಟ್ಟಿ ಪಾಸಾದವರು. ಅವರು ಕಾಲೇಜಿಗೆ ಬಂದ ಮೊದಲ ದಿನ ನಮ್ಮ ಉಪನ್ಯಾಸಕರು ಎದ್ದು ನಿಂತು, "ತಾವು ಯಾರ ತಂದೆ?" ಎಂದು ವಿನಯದಿಂದ ಕೇಳಿದರು. "ಮೂವರ ತಂದೆ ಸರ್. ಆದ್ರೆ ಇಲ್ಲಿಗೆ ಕಲಿಯಲಿಕ್ಕೆ ಬಂದದ್ದು ನಾನೇ" ಎಂದರು ಇವರು. ತರಗತಿ ಅರ್ಧ ಗಂಟೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು.

"ಈ ಪ್ರಾಯದಲ್ಲಿ ನಿಮಗೆ ಬಿ.ಎ. ಎಂತಕ್ಕೆ ಬ್ಯಾರಿಗಳೇ?" ಎಂದು ನಾನೊಮ್ಮೆ ಕೇಳಿದ್ದೆ.

"ನಮ್ಮ ಕೇರಿಯ ಮಕ್ಕಳು ಮೂರನೇ ಕ್ಲಾಸಿಗೇ ಶಾಲೆ ಬಿಡ್ತಾರೆ ಮಾರಾಯ. ನಮ್ಮವನೇ ಒಬ್ಬ ಮಾಸ್ಟ್ರು ಇದ್ರೆ ಕೂತಾರೋ ಏನೋ, ನೋಡುವ."

ಅಲ್ಪಸಂಖ್ಯಾತರು ಓದಿ ಮುಂದೆ ಬರಲೆಂದು ಪ್ರಕಟಣೆ ಹೊರಡಿಸಿದವರು ತಾವೇ ತಾನೇ? ಒಬ್ಬರು ಮುಂದೆ ಬಂದಾಗ ಅವರ ಮನೆ ಎಲ್ಲಿದೆಯೆಂದು ಹುಡುಕಲು ಹೊರಟವರೂ ತಾವೇ.

ಆ ಹುಡುಕಾಟದ ವೈಭವವನ್ನು ಸಾರ್ವಜನಿಕರು ಕೇಳಬೇಕು. ನಮ್ಮ ಕಡೆಯ ಬ್ಯಾರಿ ಮುಸಲ್ಮಾನರಲ್ಲಿ ಮದುವೆಯಾದ ಗಂಡಸು ಸಂಜೆ ಹೆಂಡತಿಯ ಮನೆಗೆ ಹೋಗುತ್ತಾನೆ, ಬೆಳಿಗ್ಗೆ ತಾಯಿಯ ಮನೆಗೆ ಮರಳುತ್ತಾನೆ. ಕುಂಞಿಯವರ ತಾಯಿಯ ಮನೆ ಬಂಟ್ವಾಳ ಪೇಟೆಯಲ್ಲಿ, ಹೆಂಡತಿ ಜುಲೈಕಾ ಅವರ ಮನೆ ಸೇತುವೆಯಾಚೆ ಪಾಣೆಮಂಗಳೂರಿನಲ್ಲಿ. ಇದು ಈ ಊರಿನ ನಾಯಿಗಳಿಗೂ ಗೊತ್ತು. ಅವರು ಹೋಗಿ ಬರುವ ಹೊತ್ತಿಗೆ ಬೊಗಳುವುದನ್ನೇ ಬಿಟ್ಟಿವೆ. ತಮ್ಮ ತನಿಖಾಧಿಕಾರಿ ಸಂಜೆಗೆ ಸರಿಯಾಗಿ ಬಂಟ್ವಾಳಕ್ಕೆ ಬಂದು, "ಮಗ ಇಲ್ಲಿ ವಾಸವೋ?" ಎಂದು ಕೇಳಿದರು. ತಾಯಿ ಬೀಪಾತುಮ್ಮ ಸತ್ಯವನ್ನೇ ಹೇಳಿದರು: "ಈಗ ಇಲ್ಲಿ ಎಲ್ಲಿ? ಹೆಂಡತಿ ಮನೆಯಲ್ಲಿ. ಆದ್ರೆ ಅವನ ಮನೆ ಇದೇ ಅಲ್ವಾ?" ಮರುದಿನ ಹಗಲಿನಲ್ಲಿ ಆ ಮಹಾಶಯರು ಸೇತುವೆ ದಾಟಿದರು. ಅತ್ತೆ ಬೀಯಮ್ಮನವರಿಗೆ ಈ ಪ್ರಶ್ನೆಯಿಂದ ಮೈ ಉರಿದಿರಬೇಕು. "ವಾಸ ಎಂತದ್ದು? ಅವರು ನಮ್ಮ ಅಳಿಯ. ಬರ್ತಾರೆ, ಉಣ್ತಾರೆ, ಬೆಳಿಗ್ಗೆ ತಾಯಿ ಮನೆಗೆ ಹೋಗ್ತಾರೆ" ಎಂದರು. ವರದಿ ಸಿದ್ಧವಾಯಿತು: ಅರ್ಜಿದಾರ ಎರಡೂ ಕಡೆ ವಾಸವಿಲ್ಲ, ವಿಳಾಸ ಸುಳ್ಳು. ಇಬ್ಬರು ಹೆಂಗಸರ ಎರಡು ಸತ್ಯಗಳನ್ನು ಕೂಡಿಸಿ ಒಂದು ಸುಳ್ಳನ್ನು ತಯಾರಿಸುವ ಈ ವಿದ್ಯೆಯನ್ನು ಯಾವ ವಿಶ್ವವಿದ್ಯಾಲಯ ಕಲಿಸುತ್ತದೆ, ಮಾನ್ಯರೇ?

ಮಾರ್ಚಿನಲ್ಲಿ ಕೊನೆಯ ಪರೀಕ್ಷೆ. ಕುಂಞಿಯವರು ಮತ್ತೆ ಹಂಚಿನ ಕಾರ್ಖಾನೆಗೆ ಹೋಗಿದ್ದಾರೆ. ನಾನು ನೋಡಲು ಹೋದಾಗ ಮೊಣಕಾಲಿನವರೆಗೆ ಮಣ್ಣಾಗಿತ್ತು. "ಪರೀಕ್ಷೆ ಹೋದ್ರೆ ಹೋಯ್ತು. ಒಂದು ಉಪಕಾರ ಮಾಡು ಸಂಕಪ್ಪ, ಉಮ್ಮನಿಗೆ ಹೇಳಬೇಡ. ತಾನು ಹೇಳಿದ ಮಾತಿನಿಂದಲೇ ಹೀಗಾಯ್ತು ಅಂತ ಗೊತ್ತಾದ್ರೆ ಅವರು ಬಾಯಿಗೆ ಅನ್ನ ಇಡ್ಲಿಕ್ಕಿಲ್ಲ" ಎಂದರು. ಈ ಸಲ ಅವರು ನಗಲಿಲ್ಲ.

ಆಗ ನಾನೂ ಒಂದು ತನಿಖೆ ಮಾಡುವುದೆಂದು ತೀರ್ಮಾನಿಸಿದೆ. ಇಸ್ತ್ರಿ ಹಾಕಿದ ಷರಟು ತೊಟ್ಟು, ಕಂಕುಳಲ್ಲಿ ಖಾಲಿ ಫೈಲು ಹಿಡಿದು, ಗುರುವಾಯನಕೆರೆಯಲ್ಲಿ ಬಸ್ಸು ಹತ್ತಿ ಮೂಡಬಿದಿರೆಯ ಬಳಿಯ ತಮ್ಮ ಮನೆತನದ ಮನೆಗೆ ಹೋದೆ. ತಮ್ಮ ಹೆಸರಿನ ಹಿಂದೆ ಮೆರೆಯುವ ಮನೆಯೇ ಅದು. ಅಂಗಳದಲ್ಲಿ ಭತ್ತ ಬೇಯಿಸುತ್ತಿದ್ದ ತಮ್ಮ ಅಕ್ಕ ನನಗೆ ಬೆಲ್ಲ, ನೀರು ಕೊಟ್ಟರು. ನಾನು ಗಂಟಲು ಸರಿಮಾಡಿಕೊಂಡು, "ಅಧಿಕಾರಿಗಳು ಇಲ್ಲಿ ವಾಸವೋ?" ಎಂದೆ.

"ಅವನು ಇಲ್ಲಿ ಎಲ್ಲಿ ಮಾರಾಯ! ಮಂಗಳೂರಿನಲ್ಲಿ, ಹೆಂಡತಿ ಮನೆಯಲ್ಲಿ. ಭೂತದ ಕೋಲಕ್ಕೆ ಬಂದವ ಮತ್ತೆ ಮುಖ ತೋರಿಸಲಿಲ್ಲ."

"ಹಾಗಾದರೆ ಈ ಮನೆ ಅವರದ್ದಲ್ಲ ಎಂದು ಬರೆಯಲೋ?"

ಅವರು ಸೌಟು ಎತ್ತಿದರು. "ಎಂತ ಹೇಳ್ತೀ ನೀನು? ಎಲ್ಲಿ ಮಲಗಿದ್ರೂ ಅವನ ಮನೆ ಇದೇ. ಅಳಿಯ ಸಂತಾನದವರಿಗೆ ತಾಯಿ ಮನೆ ಬಿಟ್ಟು ಬೇರೆ ಮನೆ ಉಂಟಾ?"

ಬೀಪಾತುಮ್ಮನವರು ಹೇಳಿದ್ದೂ ಇದನ್ನೇ. ಅವರ ಕೈಯಲ್ಲಿ ಸೌಟು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಮಂಗಳೂರಿನ ತಮ್ಮ ಅತ್ತೆಯವರನ್ನು ನಾನು ವಿಚಾರಿಸಲಿಲ್ಲ. "ಅವರು ನಮ್ಮ ಅಳಿಯ" ಎಂದೇ ಹೇಳುತ್ತಾರೆಂಬ ಧೈರ್ಯ ನನಗಿದೆ. ಆದುದರಿಂದ ನನ್ನ ವರದಿ: ಅಧಿಕಾರಿಗಳು ಎರಡೂ ಕಡೆ ವಾಸವಿಲ್ಲ.

ಈಗ ತಾವು ಒಂದನ್ನು ಆರಿಸಬೇಕು. ತಮ್ಮ ತನಿಖೆ ಸರಿಯಾದರೆ ನನ್ನದೂ ಸರಿ. ಇಂದೇ ತಮ್ಮ ಸಂಬಳ ನಿಲ್ಲಿಸಿಕೊಳ್ಳಿ. ನನ್ನದು ಪೋಕರಿತನವಾದರೆ ತಮ್ಮದೂ ಅದೇ. ಪರೀಕ್ಷೆಗೆ ಮೊದಲು ಕುಂಞಿಯವರ ವಿದ್ಯಾರ್ಥಿವೇತನವನ್ನು ಮರಳಿ ಕೊಡಿ. ಆದೇಶವನ್ನು ಬಂಟ್ವಾಳದ ವಿಳಾಸಕ್ಕೇ ಕಳುಹಿಸಿ. ಬೆಳಿಗ್ಗೆ ಬಂದರೆ ಅವರೇ ಸಹಿ ಹಾಕಿ ತೆಗೆದುಕೊಳ್ಳುತ್ತಾರೆ.

ಇದು ಪತ್ರಿಕೆಯಲ್ಲಿ ಅಚ್ಚಾದರೂ ಬೀಪಾತುಮ್ಮನವರಿಗೆ ಓದಲು ಬರುವುದಿಲ್ಲ. ಓದಿ ಹೇಳಬೇಕಾದ ಮಗ ಮಣ್ಣು ತುಳಿಯುತ್ತಿದ್ದಾನೆ. ಬಂಟ್ವಾಳದ ಮಹಾಜನರಲ್ಲಿ ನನ್ನ ವಿನಂತಿ ಇಷ್ಟೇ: ಆದೇಶ ಬರುವ ತನಕ ಇದನ್ನು ಯಾರೂ ಅವರಿಗೆ ಓದಿ ಹೇಳಬೇಡಿ.

ಇಂತಿ,
ತಮ್ಮ ಮನೆಯ ಬೆಲ್ಲ ತಿಂದು ತಮ್ಮ ಮೇಲೆಯೇ ವರದಿ ಬರೆದ ಋಣಗೇಡಿ,
ಸಂಕಪ್ಪ, ಗುರುವಾಯನಕೆರೆ
ಬಿ.ಎ. ಕೊನೆಯ ವರ್ಷ, ಬಲಗಡೆಯ ಜಾಗ ಖಾಲಿ